ನಶೆಗೆ ಬಿದ್ದು ಬೀದಿಗೆ ಬಂದ ಹೆಂಗಸು ಸುಮ್ನೆ ಆಸ್ಪತ್ರೆಗೆ ಯಾಕೆ ಹೋಗುವುದಿಲ್ಲ?

ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಮಲಗುವ ಒಬ್ಬ ಹೆಂಗಸನ್ನು ನೋಡಿ ಕೇಳಿದ್ದೀರಿ. ಮೊದಲು ಅವಳ ರಾತ್ರಿ ನೋಡಿ. ಜುಲೈ ಮಳೆ, ಒದ್ದೆ ಸೀರೆ, ತಲೆಯಡಿ ಪ್ಲಾಸ್ಟಿಕ್ ಚೀಲ. ಆಧಾರ್ ಕಾರ್ಡ್ ಉಳಿದಿದ್ದರೆ ಅದೂ ಅದರಲ್ಲೇ. ಯಾರು ಬಂದು ಮೈಮುಟ್ಟುತ್ತಾರೋ ಎಂಬ ಭಯಕ್ಕೆ ನಿದ್ದೆ ಹತ್ತುವುದಿಲ್ಲ. ಭಯ ಮರೆಯಲು ನಶೆ. ನಶೆ ಇದೆ ಅಂತ ಮನೆಯವರು ಸೇರಿಸುವುದಿಲ್ಲ. ಕುಡಿದು ಬಿದ್ದ ಗಂಡಸನ್ನಾದರೆ ಮನೆಗೆ ಹೊತ್ತು ತರುತ್ತಾರೆ, ಅಲ್ವಾ?

ನಶೆ ಬಿಟ್ಟರೂ ಮೈ ಕೇಳುವುದಿಲ್ಲ. ಹೆರಾಯಿನ್ ಆದರೆ ಒಂದು ದಿನದೊಳಗೆ ಮೈಕೈ ನೋವು, ವಾಂತಿ, ಭೇದಿ ಶುರು. ಎರಡು ಮೂರನೇ ದಿನ ಇನ್ನೂ ಜಾಸ್ತಿ. ಬಸ್ ಸ್ಟ್ಯಾಂಡಿನಲ್ಲಿ ಭೇದಿ ಹಿಡಿದರೆ ಹೆಂಗಸು ಎಲ್ಲಿಗೆ ಹೋಗಬೇಕು? ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ ಈ ಸಂಕಟ ತಗ್ಗಿಸುತ್ತದೆ. ಆದರೆ ವೈದ್ಯರ ಹತ್ತಿರ ತಪ್ಪದೆ ಹೋಗಬೇಕು, ಅದಕ್ಕೆ ಒಂದು ಸೂರು ಬೇಕು.

ಪೊಲೀಸ್ ಭಯವೂ ಇದೆ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ಬಳಕೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು.

ನಶೆ ಬಿಡಿಸುವ ಸಹಾಯವಾಣಿ 14446, ಮಹಿಳೆಯರದ್ದು 181. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೂ ಹೋಗಬಹುದು. ಆದರೆ ಜೊತೆಗೆ ಇನ್ನೊಬ್ಬ ಹೆಂಗಸು ಇರಲಿ. ಮೊದಲ ದಿನವೇ ಬುದ್ಧಿ ಹೇಳಬೇಡಿ, ಒಂದು ಟೀ ಕೊಡಿಸಿ.