ಮನೆಯ ಹೊರಗೆ ಎಷ್ಟು ಬೆಳಕು ಬೇಕು?

ಪ್ರಶ್ನೆ: ಶಿವಮೊಗ್ಗದ ಹೊರವಲಯದ ಬಡಾವಣೆಯೊಂದರ 30×40 ನಿವೇಶನದಲ್ಲಿ ಮನೆ ಕಟ್ಟಿದ್ದೇವೆ. ಎಡಕ್ಕೆ ಖಾಲಿ ಸೈಟು. ಹಿತ್ತಲಲ್ಲಿ ಸಂಪು ಮತ್ತು ಬಟ್ಟೆ ಒಗೆಯುವ ಕಲ್ಲು ಇವೆ. ಇಬ್ಬರೂ ಉದ್ಯೋಗಸ್ಥರಾದ್ದರಿಂದ ಮನೆ ಸೇರುವಾಗ ರಾತ್ರಿ ಎಂಟಾಗುತ್ತದೆ. ಪಕ್ಕದ ಬೀದಿಯಲ್ಲಿ ಈಚೆಗೆ ಕಳ್ಳತನವಾಯಿತು. ತಾರಸಿಯ ನಾಲ್ಕು ಮೂಲೆಗೂ 50 ವಾಟ್‌ನ ಫ್ಲಡ್‌ಲೈಟ್ ಹಾಕಿಸಿಕೊಳ್ಳಿ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ, ಸೋಲಾರ್ ದೀಪ ಸಾಕೆಂದು ನೆರೆಯವರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ನಾಲ್ಕು ಫ್ಲಡ್‌ಲೈಟ್‌ಗಳು ರಾತ್ರಿ 12 ಗಂಟೆ ಉರಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್ ಆಗುತ್ತದೆ. ಬಿಲ್ಲಿಗಿಂತ ದೊಡ್ಡ ತೊಂದರೆ ನೆರಳಿನದು. ತಾರಸಿಯಿಂದ ಹೊರಮುಖವಾಗಿ ಬೀಳುವ ಬೆಳಕು ರಸ್ತೆಯನ್ನೂ ಎದುರು ಮನೆಯವರ ಮಲಗುವ ಕೋಣೆಯನ್ನೂ ಬೆಳಗುತ್ತದೆಯೇ ಹೊರತು ಕಿಟಕಿಯ ಮೇಲಿನ ಸಜ್ಜೆಯ ಕೆಳಗಿನ ಗೋಡೆ ಕತ್ತಲಲ್ಲೇ ಉಳಿಯುತ್ತದೆ, ಕಿಟಕಿಗಳಿರುವುದೋ ಅಲ್ಲಿಯೇ. ನಂಬಿಕೆಯಾಗದಿದ್ದರೆ ಒಂದು ರಾತ್ರಿ ಪ್ರಖರವಾದ ಟಾರ್ಚೊಂದನ್ನು ತಾರಸಿಯ ಕಟ್ಟೆಯ ಮೇಲೆ ರಸ್ತೆಯ ಕಡೆ ತಿರುಗಿಸಿಟ್ಟು, ಮನೆಯವರೊಬ್ಬರನ್ನು ಕಿಟಕಿಯ ಬಳಿ ನಿಲ್ಲಿಸಿ, ಗೇಟಿನಾಚೆಯಿಂದ ನೋಡಿ. ಕಣ್ಣು ಕೋರೈಸುವುದರಿಂದ ನಿಂತವರ ಮುಖ ನಿಮಗೆ ಕಾಣುವುದಿಲ್ಲ.

ದೀಪ ಕಳ್ಳನನ್ನು ತಾನಾಗಿ ತಡೆಯುವುದಿಲ್ಲ. ಅವನನ್ನು ಯಾರಾದರೂ ನೋಡುವಂತೆ ಮಾಡುತ್ತದೆ, ಅಷ್ಟೆ. ಇಂಗ್ಲೆಂಡಿನ ಡಡ್ಲಿ ಮತ್ತು ಸ್ಟೋಕ್-ಆನ್-ಟ್ರೆಂಟ್ ಪಟ್ಟಣಗಳಲ್ಲಿ 1990ರ ದಶಕದಲ್ಲಿ ಬೀದಿದೀಪಗಳನ್ನು ಸುಧಾರಿಸಿದಾಗ ನಡೆದ ಅಧ್ಯಯನಗಳಲ್ಲಿ ಅಪರಾಧ ಕಡಿಮೆಯಾದದ್ದು ಕಂಡುಬಂತು. ಇಂತಹ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದವರು, ಹಗಲಿನ ಅಪರಾಧವೂ ಇಳಿದಿದ್ದರಿಂದ, ಬೆಳಕಿನ ಜೊತೆಗೆ ತಮ್ಮ ಬೀದಿಯ ಮೇಲೆ ಜನರಿಗೆ ಹುಟ್ಟಿದ ಕಾಳಜಿಯೂ ಇದಕ್ಕೆ ಕಾರಣವಿರಬೇಕೆಂದು ತರ್ಕಿಸಿದರು. ಆದ್ದರಿಂದ ಖಾಲಿ ಸೈಟಿನ ಕಳೆಗಿಡಗಳನ್ನು ಕಡಿಸುವುದು ಮತ್ತು ಎದುರು ಮನೆಯವರೊಂದಿಗೆ ಮಾತುಕತೆ ಇಟ್ಟುಕೊಳ್ಳುವುದು ಕೂಡ ಈ ವ್ಯವಸ್ಥೆಯ ಭಾಗವೇ.

ಮುಂಬಾಗಿಲಿಗೆ 9 ವಾಟ್‌ನ ಒಂದು ಎಲ್‌ಇಡಿ ಸಾಕು. ಕತ್ತಲಾದಾಗ ತಾನೇ ಹತ್ತಿ ಬೆಳಗಾದಾಗ ಆರುವ ಬೆಳಕಿನ ಸೆನ್ಸರ್ ಜೋಡಿಸಿದರೆ ನೀವು ಬರುವ ಹೊತ್ತಿಗೆ ಬಾಗಿಲು ಬೆಳಗಿರುತ್ತದೆ. ತಿಂಗಳಿಗೆ ಸುಮಾರು ಮೂರು ಯೂನಿಟ್ ಖರ್ಚಾಗುತ್ತದೆ. ದೀಪ ನಿಮ್ಮ ಬೆನ್ನ ಹಿಂದಿದ್ದರೆ ನಿಮ್ಮದೇ ನೆರಳು ಬೀಗದ ಮೇಲೆ ಬಿದ್ದು ಕೀಲಿಕೈ ತಡಕಾಡಬೇಕಾಗುತ್ತದೆ, ಆದ್ದರಿಂದ ಬಾಗಿಲ ಪಕ್ಕದಲ್ಲಿ, ಬೀಗವಿರುವ ಕಡೆ ಹಾಕಿಸಿ. ಬಿಳಿ ಬೆಳಕಿಗಿಂತ 2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕಿಗೆ ಹುಳುಗಳು ಕಡಿಮೆ ಬರುತ್ತವೆ. ಮೊದಲ ಮಳೆಯ ನಂತರದ ಸಂಜೆ ಇದರ ಬೆಲೆ ತಿಳಿಯುತ್ತದೆ.

ಹಿತ್ತಲಿಗೂ ಖಾಲಿ ಸೈಟಿನ ಕಡೆಯ ಓಣಿಗೂ ಚಲನೆ ಗುರುತಿಸುವ ಸೆನ್ಸರ್ ದೀಪಗಳನ್ನು ಹಾಕಿಸಿ. ಮಲಗಿದ್ದವರು ಕಿಟಕಿಯಾಚೆ ಏಕಾಏಕಿ ಬೆಳಕಾದದ್ದನ್ನು ಗಮನಿಸುತ್ತಾರೆ. ಇಡೀ ರಾತ್ರಿ ಉರಿಯುವ ದೀಪದ ಕಡೆ ಯಾರೂ ನೋಡುವುದಿಲ್ಲ. ಈ ಸೆನ್ಸರ್ ದೇಹದ ಶಾಖ ಸರಿದಾಡುವುದನ್ನು ಗುರುತಿಸುವುದರಿಂದ, ನೇರವಾಗಿ ಎದುರು ಬರುವವರಿಗಿಂತ ಅಡ್ಡ ಹಾಯುವವರನ್ನು ಬೇಗ ಹಿಡಿಯುತ್ತದೆ; ಓಣಿಯ ತುದಿಗಿಂತ ಪಕ್ಕದ ಗೋಡೆಯೇ ಅದಕ್ಕೆ ತಕ್ಕ ಜಾಗ. ಎರಡರಿಂದ ಎರಡೂವರೆ ಮೀಟರ್ ಎತ್ತರದಲ್ಲಿ, ತುಸು ಕೆಳಮುಖವಾಗಿ ಕೂರಿಸಬೇಕು. ಬೀದಿನಾಯಿ, ಬೆಕ್ಕು ಬಂದರೂ ಅದು ಹತ್ತುತ್ತದೆ; ಸಂವೇದನೆಯನ್ನು ತಗ್ಗಿಸುವ ತಿರುಪಿದ್ದರೆ ಒಂದು ವಾರ ಗಮನಿಸಿ ಹೊಂದಿಸಿಕೊಳ್ಳಿ. ಅನುಮಾನ ಬಂದಾಗ ಹೊರಗೆ ಬರದೆ ಎಲ್ಲ ದೀಪಗಳನ್ನೂ ಒಮ್ಮೆಲೇ ಹಾಕಲು ಮಂಚದ ಬಳಿ ಒಂದು ಸ್ವಿಚ್ ಇರಲಿ.

ಸೋಲಾರ್ ದೀಪ ಬಯಲುಸೀಮೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಕವಿದಾಗ ಬ್ಯಾಟರಿ ನಡುರಾತ್ರಿಗೆ ಮೊದಲೇ ಮುಗಿಯುತ್ತದೆ, ಆದ್ದರಿಂದ ಗೇಟಿನ ಅಲಂಕಾರಕ್ಕೆ ಮಾತ್ರ ಅದನ್ನು ನೆಚ್ಚಿಕೊಳ್ಳಿ. ಹೊರಗಿನ ದೀಪಗಳು ದೂಳು, ನೀರು ಒಳಹೋಗದ ಐಪಿ65 ದರ್ಜೆಯವಾಗಿರಲಿ, ವೈರು ಕೆಳಗಿನಿಂದ ಒಳಹೋಗಲಿ, ಅರ್ತಿಂಗ್ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನನ್ನು ತಾನೇ ಕಡಿಯುವ ಸ್ವಿಚ್) ತಪ್ಪದೆ ಇರಲಿ. ಯುಪಿಎಸ್ ಇದ್ದರೆ ಇವನ್ನು ಅದರ ಲೈನಿಗೇ ಕೊಡಿಸಿ.

ಪ್ರಶ್ನೆ: ಊರಿಗೆ ಹೋಗುವಾಗ ಮುಂಬಾಗಿಲ ದೀಪ ಹಾಕಿಟ್ಟು ಹೋಗುತ್ತೇವೆ. ಇದರಿಂದ ಪ್ರಯೋಜನವಿದೆಯೇ?

ಉತ್ತರ: ಮಧ್ಯಾಹ್ನ ಹನ್ನೆರಡಕ್ಕೂ ಉರಿಯುತ್ತಿರುವ ದೀಪ ಮನೆಯಲ್ಲಿ ಯಾರೂ ಇಲ್ಲವೆಂಬುದಕ್ಕೆ ಬೋರ್ಡು ಹಾಕಿದಂತೆ. ಮೇಲೆ ಹೇಳಿದ ಬೆಳಕಿನ ಸೆನ್ಸರ್ ಇದ್ದರೆ ಈ ತೊಂದರೆ ಇರುವುದಿಲ್ಲ. ಒಳಗಿನ ಒಂದು ಕೋಣೆಯ ದೀಪಕ್ಕೆ ಟೈಮರ್ ಹಾಕಿ, ಸಂಜೆ ಏಳರಿಂದ ಹತ್ತರವರೆಗೆ ಉರಿಯುವಂತೆ ಮಾಡಿ. ಹಾಲು, ಪತ್ರಿಕೆ ನಿಲ್ಲಿಸಿ, ಗೇಟಿಗೆ ಹೊರಗಿನಿಂದ ದೊಡ್ಡ ಬೀಗ ನೇತುಹಾಕುವ ಬದಲು ಒಳಗಿನಿಂದ ಹಾಕಿ, ಠಾಣೆಯ ಬೀಟ್ ಪೊಲೀಸರಿಗೆ ಹೊರಡುವ ಮತ್ತು ಮರಳುವ ದಿನಗಳನ್ನು ತಿಳಿಸಿ.