ಅಗ್ಗದ ಎಕ್ಸಾಸ್ಟ್ ಹೆಡರ್ ಮನೆಯಲ್ಲೇ ಹಾಕಿದೆ, ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅನ್ನುತ್ತೆ, ಯಾಕೆ?

ಬಹುತೇಕ ಅದು ಲೀಕ್. ಹೆಡರ್ ಅಂದರೆ ಎಂಜಿನ್‌ನ ಹೊಗೆಯನ್ನು ಹೊರಗೆ ಸಾಗಿಸುವ ಪೈಪುಗಳ ಗೊಂಚಲು. ಅದು ಎಂಜಿನ್‌ಗೆ ಕೂರುವ ಚಪ್ಪಟೆ ಪಟ್ಟಿ, ಅಂದರೆ ಫ್ಲಾಂಜ್, ಅಗ್ಗದ ಪೈಪುಗಳಲ್ಲಿ ತೆಳುವಾಗಿರುತ್ತದೆ, ವೆಲ್ಡಿಂಗ್ ಶಾಖಕ್ಕೆ ಸ್ವಲ್ಪ ಸೊಟ್ಟಗಾಗಿರುತ್ತದೆ. ಆ ಸಂದಿಯಿಂದ ಹೊಗೆ ನುಗ್ಗುವ ಸದ್ದೇ ಈ ಟಿಕ್ ಟಿಕ್. ಎಂಜಿನ್ ಬಿಸಿಯಾದಾಗ ಲೋಹ ಹಿಗ್ಗಿ ಸಂದಿ ಮುಚ್ಚುತ್ತೆ, ಸದ್ದು ಕಡಿಮೆಯಾಗುತ್ತೆ. ನಿಮ್ಮದೂ ಹಾಗೇ ಅಲ್ವಾ?

ಇನ್ನೊಂದು ವಿಷಯ: ಹೆಡರ್‌ಗೆ ಸಾಮಾನ್ಯವಾಗಿ ಬಳಸುವ 304 ಸ್ಟೇನ್‌ಲೆಸ್ ಸ್ಟೀಲ್, ಅದರ ಜಾಗದಲ್ಲಿ ಮೊದಲಿದ್ದ ಹಳೆಯ ಬೀಡುಕಬ್ಬಿಣದ ಮ್ಯಾನಿಫೋಲ್ಡ್‌ಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಪ್ರತಿ ಸಲ ಬಿಸಿಯಾಗಿ ತಣ್ಣಗಾದಾಗ ಫ್ಲಾಂಜ್‌ಗೂ ಎಂಜಿನ್‌ಗೂ ನಡುವೆ ಸಂದಿ ಮುಚ್ಚುವ ಗ್ಯಾಸ್ಕೆಟ್ ಇನ್ನಷ್ಟು ಅಮುಕಿಕೊಂಡು ಬೋಲ್ಟ್ ಸಡಿಲವಾಗುತ್ತೆ. ಅದಕ್ಕೇ ಒಂದೆರಡು ಸಲ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ, ನಡುವಿನ ಬೋಲ್ಟ್‌ನಿಂದ ಶುರುಮಾಡಿ ಹೊರಗಡೆಗೆ ಸರಿಯುತ್ತಾ ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್) ಕಂಪನಿ ಹೇಳಿದ ಅಳತೆಗೇ ಮತ್ತೆ ಬಿಗಿ ಮಾಡಿ. ಸುಮ್ನೆ ಜೋರಾಗಿ ತಿರುಗಿಸಿದರೆ ಸ್ಟಡ್ (ಬೋಲ್ಟ್) ಎಂಜಿನ್ ಹೆಡ್‌ನೊಳಗೇ ಮುರಿಯುತ್ತೆ, ಆಮೇಲೆ ಹೆಡರ್‌ಗಿಂತ ಲೇತ್‌ನವನಿಗೇ ಜಾಸ್ತಿ ಕೊಡಬೇಕು.

ಆಗಲೂ ನಿಲ್ಲದಿದ್ದರೆ ಬಿಚ್ಚಿ, ಫ್ಲಾಂಜ್ ಮೇಲೆ ನೇರವಾದ ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಅಡಿಯಲ್ಲಿ ಬೆಳಕು ಕಂಡರೆ ಲೇತ್ ಅಂಗಡಿಯಲ್ಲಿ ಸಮ ಮಾಡಿಸಿ. ಲೀಕ್ ಹಾಗೇ ಬಿಡಬೇಡಿ, ಅಲ್ಲಿಂದ ಹೊರಗಿನ ಗಾಳಿಯೂ ಒಳಗೆ ಎಳೆದುಕೊಳ್ಳುತ್ತೆ, ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ಅಳೆಯುವ ಆಕ್ಸಿಜನ್ ಸೆನ್ಸರ್ ಮೋಸಹೋಗಿ ಎಂಜಿನ್ ಪೆಟ್ರೋಲ್ ಜಾಸ್ತಿ ಸುರಿಯುತ್ತೆ.