ಆಫ್ರಿಕಾದವರೆಲ್ಲ ನಮ್ಮದು ಎನ್ನುವ ಒಂದು ಹಾಡು ಇದೆಯೇ?

‘ಆಫ್ರಿಕಾದಲ್ಲಿ ಅಷ್ಟೊಂದು ದೇಶ, ಅಷ್ಟೊಂದು ಭಾಷೆ. ಎಲ್ಲರೂ ನಮ್ಮದು ಎನ್ನುವ ಹಾಡು ಒಂದಾದರೂ ಇದೆಯಾ?’ ಎಂದು ಕೇಳಿದ್ದೀರಿ. ಎಲ್ಲರೂ ಅಂದರೆ ಕಷ್ಟ. ಆದರೆ ಹತ್ತಿರ ಬರುವ ಒಂದನ್ನು ನೀವು ಆಗಲೇ ಕೇಳಿರುತ್ತೀರಿ. ಕ್ರಿಕೆಟ್ ಪಂದ್ಯಕ್ಕೆ ಮುಂಚೆ ದಕ್ಷಿಣ ಆಫ್ರಿಕಾದ ರಾಷ್ಟ್ರಗೀತೆ ಬರುತ್ತಲ್ವಾ, ಅದರ ಮೊದಲ ಭಾಗ. ನಡುವೆ ಧಾಟಿಯೇ ಬದಲಾಗುತ್ತದೆ. ನಾನಂತೂ ಬಹಳ ದಿನ ಎರಡು ಹಾಡು ಹಾಕಿಬಿಟ್ಟಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ನಿಜವಾಗಿಯೂ ಎರಡೇ! ವರ್ಣಭೇದದ ವಿರುದ್ಧ ಹೋರಾಡಿದವರ ಹಾಡು, ವರ್ಣಭೇದ ನಡೆಸಿದ ಹಳೇ ಸರ್ಕಾರದ ಹಾಡು, ಎರಡನ್ನೂ 1997ರಲ್ಲಿ ಸೇರಿಸಿ ಹೊಲಿದಿದ್ದಾರೆ.

ಮೊದಲ ಭಾಗದ ಹೆಸರು ‘ಎನ್ಕೋಸಿ ಸಿಕೆಲೆಲಿ ಆಫ್ರಿಕಾ’. ‘ದೇವರೇ, ಆಫ್ರಿಕಾವನ್ನು ಹರಸು’ ಎಂದು ಅರ್ಥ. ಮೂಲ ಹಾಡಿನ ಭಾಷೆ ಅಲ್ಲಿನ ಕೋಸಾ ಜನರ ಕೋಸಾ. 1897ರಲ್ಲಿ ಕಟ್ಟಿದವರು ಈನಾಕ್ ಸೊಂಟೊಂಗ, ಜೊಹಾನ್ಸ್‌ಬರ್ಗ್ ಹತ್ತಿರದ ಮಿಷನ್ ಶಾಲೆಯ ಮೇಷ್ಟ್ರು. ಶಾಲೆಯ ಮಕ್ಕಳಿಗೆ ಹಾಡು ಕಟ್ಟಿ ಕಲಿಸುವುದು ಅವರ ರೂಢಿ. ಈ ಹಾಡಲ್ಲಿ ಯಾವ ದೇಶದ ಹೆಸರೂ ಇಲ್ಲ. ಇರುವುದಾದರೂ ಹೇಗೆ? ದಕ್ಷಿಣ ಆಫ್ರಿಕಾ ಒಂದು ದೇಶವಾಗಿದ್ದೇ 1910ರಲ್ಲಿ. ಮೇಷ್ಟ್ರು ಇಡೀ ಖಂಡಕ್ಕೇ ಒಳ್ಳೆಯದು ಕೇಳಿಕೊಂಡರು. ಅದಕ್ಕೇ ಇರಬೇಕು, ಹಾಡು ಸಲೀಸಾಗಿ ಗಡಿ ದಾಟಿತು. ಟಾಂಜಾನಿಯಾ ಅದನ್ನು ಸ್ವಾಹಿಲಿಯಲ್ಲಿ ರಾಷ್ಟ್ರಗೀತೆ ಮಾಡಿಕೊಂಡಿತು. ಜಾಂಬಿಯಾ ಧಾಟಿ ಉಳಿಸಿಕೊಂಡು ಮಾತು ಬದಲಿಸಿತು. ಜಿಂಬಾಬ್ವೆಯಲ್ಲೂ 1994ರವರೆಗೆ ಇದೇ ಇತ್ತು.

ಸೊಂಟೊಂಗ ಬರೆದದ್ದು ಒಂದು ಪದ್ಯ, ಒಂದು ಪಲ್ಲವಿ, ಅಷ್ಟೇ. 1927ರಲ್ಲಿ ಎಸ್.ಇ.ಕೆ. ಮ್ಖಾಯಿ ಇನ್ನೂ ಏಳು ಪದ್ಯ ಸೇರಿಸಿದರು. ಅವರು ‘ಇಂಬೊಂಗಿ’. ಅಂದರೆ ಅರಸರ ಎದುರು ನಿಂತು ಹೊಗಳುವ, ತಪ್ಪು ಕಂಡರೆ ಅಲ್ಲೇ ಕುಟುಕುವ ಕವಿ. ಮುಖಂಡರು, ಹೆಂಗಸರು, ಮಕ್ಕಳು, ಎಲ್ಲರನ್ನೂ ಹರಸು ಎಂದು ಹಾಡು ಬೆಳೆಯಿತು.

ಇದು ಚರ್ಚಿನ ಹಾಡಿನ ಅಚ್ಚು, ಇದರಲ್ಲಿ ಆಫ್ರಿಕಾ ಎಲ್ಲಿದೆ ಎಂದು ಕೇಳುವವರೂ ಇದ್ದಾರೆ. ಅಚ್ಚು ಚರ್ಚಿನದೇ, ಸರಿ. ಆದರೆ ಕಪ್ಪು ಜನರ ಮುಂದಾಳುಗಳು 1912ರಲ್ಲಿ ಬ್ಲೂಮ್‌ಫಾಂಟೇನ್‌ನಲ್ಲಿ ಸೇರಿ ಪಕ್ಷ ಕಟ್ಟಿದಾಗ ಹಾಡಿದ್ದು ಇದನ್ನು. ವರ್ಣಭೇದದ ಕಾಲದಲ್ಲಿ ಗುಂಡೇಟಿಗೆ ಸತ್ತವರ ಶವಸಂಸ್ಕಾರದಲ್ಲಿ ಹಾಡಿದ್ದೂ ಇದನ್ನೇ. ಅಷ್ಟು ಗಂಟಲುಗಳಲ್ಲಿ ಓಡಾಡಿದ ಮೇಲೂ ಇದು ಹೊರಗಿನದು ಅಂದರೆ ನಾನು ಒಪ್ಪಲ್ಲ.

ಅಂದಹಾಗೆ, 1905ರಲ್ಲಿ ತೀರಿಹೋದ ಸೊಂಟೊಂಗ ಅವರ ಸಮಾಧಿ ಎಲ್ಲಿದೆ ಎಂಬುದೇ ತೊಂಬತ್ತರ ದಶಕದವರೆಗೆ ಗೊತ್ತಿರಲಿಲ್ಲ. ಹುಡುಕುವವರು ‘ಸೊಂಟೊಂಗ’ ಅಂತ ಹುಡುಕುತ್ತಿದ್ದರು. ಸ್ಮಶಾನದ ದಾಖಲೆಯಲ್ಲಿ ಅವರು ‘ಈನಾಕ್’ ಅನ್ನುವ ಹೆಸರಿನಡಿ ಇದ್ದರು.